ಧಾರಾವಾಹಿ ಕಳೆದು ಉಳಿದ ಜ್ವರ

ಮೂಗಿನ ಮೇಲೊಂದು ಕನ್ನಡಕ, ತಲೆಗೂದಲಿಗೆ ಸಿಕ್ಕಿಸಿಕೊಂಡದ್ದು ಇನ್ನೊಂದು, ಅದರ ಹಿಂದೆ ಗೇಣುದ್ದ ಕನಕಾಂಬರ. ಸ್ಟ್ಯಾಟಿಸ್ಟಿಕ್ಸ್ ಮೇಡಂ ನನಗೆ ನೆನಪಾಗುವುದು ಹೀಗೆ. ಅವರಿಗಿದ್ದದ್ದು ಒಂದೇ ಕನ್ನಡಕ ಎನ್ನುತ್ತಾಳೆ ಅಮ್ಮ. ಇರಬಹುದು. ಇಲ್ಲಿರುವ ಮಾತುಗಳನ್ನೂ ಅವರು ಹೀಗೆಯೇ ಆಡಿದರೋ, ನಾನು ಆಮೇಲೆ ತಿದ್ದಿಕೊಂಡೆನೋ, ಖಚಿತವಾಗಿ ಹೇಳಲಾರೆ.

ಬೆಂಗಳೂರಿನ ಮಾರೇನಹಳ್ಳಿಯಲ್ಲಿ ನಮ್ಮ ಎದುರು ಮನೆಯ ಮಹಡಿಯಲ್ಲಿ ಮೇಡಂ ಒಬ್ಬರೇ ಇದ್ದರು. ಕಾಲೇಜಿನಲ್ಲಿ ನನಗೆ ಪಾಠ ಮಾಡಿದವರು. ಜನ ಇಂಟರ್ನೆಟ್ಟಿನಲ್ಲಿ ಹುಡುಕುವುದನ್ನು ನೋಡಿಯೇ, ಆಸ್ಪತ್ರೆಗಳ ಲೆಕ್ಕ ಬರುವ ಮೊದಲು, ಊರಲ್ಲಿ ಡೆಂಗಿ ಹೆಚ್ಚುತ್ತಿದೆಯೆಂದು ತಿಳಿಯಬಹುದೇ? ಇದು ಅವರು ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೊಟ್ಟ ವಿಷಯ. ನಾನು ‘ಡೆಂಗಿ’ ಎಂಬ ಪದವನ್ನೇ ಹಿಡಿದು ಕೂತಿದ್ದೆ. ಪರದೆಯ ಮೇಲೆ ಹುಡುಕಾಟದ ಏರಿಳಿತ ತೋರಿಸುವ ಗೆರೆ ಅಲುಗುತ್ತಿರಲಿಲ್ಲ.

“ಜ್ವರ ಬಂದೋರು ಕಾಯಿಲೆ ಹೆಸರು ಹುಡುಕಲ್ಲ ಕಣೇ, ಮದ್ದು ಹುಡುಕ್ತಾರೆ,” ಎಂದು ನಕ್ಕರು. “ಪರಂಗಿ ಎಲೆ ರಸ ಅಂತ ಹಾಕು.”

ಹಾಕಿದೆ. ಹಿಂದಿನ ಮಳೆಗಾಲಗಳೆಲ್ಲ ಪರದೆಯ ಮೇಲೆ ಗುಡ್ಡಗಳಂತೆ ಎದ್ದು ನಿಂತವು.

ಯಾರು ಹುಡುಕಿದರು ಎಂಬುದು ನಮಗೆ ಸಿಗುತ್ತಿರಲಿಲ್ಲ. ಇಡೀ ಬೆಂಗಳೂರಿನ ಹುಡುಕಾಟ ಏರಿತೋ ಇಳಿಯಿತೋ, ಅಷ್ಟೇ. ಅದೇ ಸರಿ ಎನ್ನುತ್ತಿದ್ದರು ಮೇಡಂ. “ಯಾರು ಅಂತ ನಾವು ಕೇಳಿದ ದಿನ ಜನ ನಿಜವಾಗಿ ಬೇಕಾದ್ದನ್ನ ಹುಡುಕೋದು ಬಿಡ್ತಾರೆ.”

ಒಮ್ಮೆ ಬಿರುಬೇಸಿಗೆಯಲ್ಲಿ ಗೆರೆ ಚಂಗನೆ ಹಾರಿತು. ಮೇಡಂ ವಾರ್ಡಿನ ಆರೋಗ್ಯ ಕಚೇರಿಗೆ ಫೋನ್ ಮಾಡಿ ಬೆನ್ನುಬಿದ್ದು, ಸೊಳ್ಳೆಗೆ ಹೊಗೆ ಬಿಡುವವರನ್ನು ಕರೆಸಿಯೇಬಿಟ್ಟರು. ಬೀದಿಯೆಲ್ಲ ಕೆಮ್ಮಿತು. ಜ್ವರ ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಗೇಟಿಗೆ ಬಂದ ಅಮ್ಮ ಹೇಳಿದಳು: “ಜ್ವರ ಬಂದಿರೋದು ಧಾರಾವಾಹಿ ಸೊಸೆಗೆ ಮೇಡಂ. ಒಂದು ವಾರದಿಂದ ಅತ್ತೆ ಕೂತ್ಕೊಂಡು ಪರಂಗಿ ಎಲೆ ಅರೀತಾ ಇದಾಳೆ.”

ಮನೆಯಲ್ಲಿ ಟೀವಿಯೇ ಇಟ್ಟುಕೊಳ್ಳದ ಮೇಡಂ ನಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬೀದಿ ಅವರಿಗೆ ‘ಹೊಗೆ ಮೇಡಂ’ ಎಂದು ಹೆಸರಿಟ್ಟಿತು. ಅಂದಿನಿಂದ ದಿನಾ ಸಂಜೆ ಧಾರಾವಾಹಿಯ ಹೊತ್ತಿಗೆ ಮಹಡಿಯಿಂದ ಅಮ್ಮನನ್ನು ಕೂಗಿ ಕೇಳುತ್ತಿದ್ದರು: “ಏನ್ರೀ, ಇವತ್ತು ಯಾರಿಗಾದ್ರೂ ಹುಷಾರಿಲ್ವಾ?”

“ಇಲ್ಲ ಮೇಡಂ, ಇವತ್ತು ಬರೀ ಒಂದು ಕಿಡ್ನ್ಯಾಪು.”

ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಮುಂಚೆ ಗೆರೆ ಮತ್ತೆ ಏರಿತು. ಯಾವ ಧಾರಾವಾಹಿಯಲ್ಲೂ ಯಾರೂ ಜ್ವರದಿಂದ ಮಲಗಿರಲಿಲ್ಲ. ಫೋನ್ ಎತ್ತಿದ ವಾರ್ಡ್ ಕಚೇರಿಯವರು, “ಈ ಸಲ ಯಾವ ಸೀರಿಯಲ್ಲು ಮೇಡಂ?” ಎಂದರು. ಮೇಡಂ ಫೋನಿಟ್ಟರು. “ಗೆರೆ ಊರಿಂದು. ನಮ್ಮ ಬೀದಿ ಕಥೆ ತಿಳಿಯೋಕೆ ಚಪ್ಪಲಿ ಬೇಕು,” ಎಂದು ಮನೆಮನೆಗೆ ಹೊರಟರು.

ನಮ್ಮ ಮನೆಗೆ ಬಂದಾಗ ಅಮ್ಮ ಕಳಶಕ್ಕೆ ಉಡಿಸುವ ಸೀರೆಗೆ ನೆರಿಗೆ ಹಿಡಿಯುತ್ತಿದ್ದಳು. ಮರುದಿನ ಅರಿಶಿನ ಕುಂಕುಮಕ್ಕೆ ಬೀದಿಯನ್ನೆಲ್ಲ ಕರೆದಿದ್ದಳು.

“ನಮ್ಮನೇಲಿ ಯಾರಿಗೂ ಏನಿಲ್ಲ ಮೇಡಂ. ಬಂದಿದೀರ, ಕುಂಕುಮ ತಗೊಳ್ಳಿ.”

ಅಮ್ಮ ತಾನೇ ಅವರ ಹಣೆಗೆ ಕುಂಕುಮ ಇಟ್ಟಳು. ಮೇಡಂ ಆ ಕೈಯನ್ನು ಹಿಡಿದವರು ಬಿಡಲಿಲ್ಲ. “ಬೆರಳು ಸುಡ್ತಾ ಇದೆಯಲ್ರೀ.”

“ಒಲೆ ಮುಂದೆ ಇದ್ದೆ.”

“ಒಲೆ ಹಚ್ಚೇ ಇಲ್ಲ. ನಡೀರಿ ಆಸ್ಪತ್ರೆಗೆ.”

“ನಾಳೆ ಲಕ್ಷ್ಮಿ ಕೂರಿಸಬೇಕು ಮೇಡಂ.”

“ನಾನು ಕೂರಿಸ್ತೀನಿ. ನೀವು ಆಟೋದಲ್ಲಿ ಕೂತ್ಕೊಳ್ಳಿ.”

ಡೆಂಗಿಯೇ. ಪ್ಲೇಟ್ಲೆಟ್ ಆಗಲೇ ಬಹಳ ಇಳಿದಿತ್ತು. ಹಬ್ಬ ಮುಗಿಸಿ ಬರೋಣ ಎಂದುಕೊಂಡಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಪಕ್ಕದಲ್ಲೇ ಜ್ವರವನ್ನಿಟ್ಟುಕೊಂಡು ನಾನು ಪರದೆ ನೋಡುತ್ತಿದ್ದೆ. ಮೇಡಂ ಮಾತಿನಂತೆ ನಮ್ಮ ಮನೆಯಲ್ಲಿ ಲಕ್ಷ್ಮಿಯನ್ನು ಕೂರಿಸಿದರು. ಆಸ್ಪತ್ರೆಯ ಮಂಚದಲ್ಲಿ ಫೋಟೊ ನೋಡಿದ ಅಮ್ಮ ಮೊದಲು ಕೇಳಿದ್ದು, “ದೇವಿ ಯಾಕೆ ಸೀರೆ ಎತ್ತಿ ಕಟ್ಕೊಂಡು ಬಸ್ಸಿಗೆ ಓಡ್ತಾ ಇರೋ ಹಾಗಿದಾಳೆ?”

ಹೋದ ವರ್ಷ ಮೇಡಂ ತೀರಿಕೊಂಡರು. ಹೃದಯಾಘಾತ; ಯಾವ ಗೆರೆಯೂ ಮುನ್ಸೂಚನೆ ಕೊಡಲಿಲ್ಲ. ಈಗಲೂ ಸಂಜೆ ಧಾರಾವಾಹಿ ಶುರುವಾದಾಗ ಅಮ್ಮ ಒಮ್ಮೆ ಎದುರು ಮಹಡಿಯತ್ತ ನೋಡುತ್ತಾಳೆ.

ಮೊನ್ನೆ, ಯಾರು ಹುಡುಕಿದರೆಂದು ಕೇಳಿದ್ದಕ್ಕೆ ಮೇಡಂ ಇದ್ದಿದ್ದರೆ ಬೈಯುತ್ತಿದ್ದರೆಂದು ಗೊತ್ತಿದ್ದೂ, ಕೇಳಿಯೇಬಿಟ್ಟೆ: “ಅಮ್ಮ, ಆ ವಾರ ಏರಿದ ಗೆರೆಯಲ್ಲಿ ನಿಂದೂ ಇತ್ತಾ? ನಮಗ್ಯಾರಿಗೂ ಹೇಳದೆ ಫೋನಲ್ಲಿ ಪರಂಗಿ ಎಲೆ ಅಂತ ಹುಡುಕಿದ್ಯಾ?”

ಅಮ್ಮ ರಿಮೋಟ್ ತೆಗೆದುಕೊಂಡು ಟೀವಿಯ ಸದ್ದು ಹೆಚ್ಚಿಸಿದಳು.