ಬೀಳುವ ಹಲ್ಲಿನ ಡಾಕ್ಟರಬಾಯಿ

ಡಾಕ್ಟರಬಾಯಿಯ ಎಡಗೈ ತೋರುಬೆರಳಿನ ತುಂಬ ಕಚ್ಚಿದ ಗುರುತುಗಳಿದ್ದವು. ಎಲ್ಲ ಮಕ್ಕಳದೇ ಕೆಲಸ. ಬಾಯಿಗಿಡುವ ಪುಟ್ಟ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ, ತಮ್ಮ ಕೆನ್ನೆಗೆ ತಾಗಿಸಿ ನೋಡಿ, ಆಮೇಲೆ ಮಗುವಿನ ಕೈಗೆ ಕೊಡುತ್ತಿದ್ದರು. ಅಷ್ಟಾದರೂ ಕಚ್ಚುವವರು ಕಚ್ಚುತ್ತಿದ್ದರು. “ಕಡೀಲಿ ಬಿಡ್ರಿ, ಕಡಿಯಾಕ ಹಲ್ಲರ ಅದಾವಲ್ಲ” ಎನ್ನುತ್ತಿದ್ದರು.

ಅವರು ಬೆಳಗಾವಿ ಕಡೆಯವರು. ಪುಣೆಯ ಹಳೆಯ ವಾಡೆಯೊಂದರಲ್ಲಿ ಕೆಳಗೆ ಅವರ ಹಲ್ಲಿನ ದವಾಖಾನೆ, ಮೇಲೆ ನಮ್ಮ ಎರಡು ಖೋಲಿ. ಎಪ್ಪತ್ತರ ದಶಕದ ನಡುವಿನ ಮಾತು; ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಮಲಗಿಸುವಾಗ ಬೆಲ್ಲದ ಪಾಕದಲ್ಲಿ ಅದ್ದಿದ ಅರಿವೆಯ ತುದಿಯನ್ನು ಬಾಯಿಗಿಡುವುದು ನಮ್ಮ ಮನೆತನದ ರೂಢಿ. ಅದರ ಪುಣ್ಯದಿಂದ ಅವಳ ಮುಂದಿನ ಹಲ್ಲುಗಳು ಕಪ್ಪಾಗಿ, ಎರಡಂತೂ ಒಸಡಿನ ಮಟ್ಟಕ್ಕೆ ಮುರಿದಿದ್ದವು. ಬಾಲವಾಡಿಯಲ್ಲಿ ಮಕ್ಕಳು ನಕ್ಕ ಮೇಲೆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಕ್ರಮೇಣ ಮಾತೇ ಬಿಟ್ಟಳು.

ಕೊನೆಗೆ ಕೆಳಗೆ ಕರೆದೊಯ್ದೆ. ನನ್ನ ತಪ್ಪು ಮುಚ್ಚಿಕೊಳ್ಳಲು, “ಹೆಂಗೂ ಬೀಳೋ ಹಲ್ಲಲ್ಲೇನ್ರಿ, ಬಾಯಾರ” ಅಂದುಬಿಟ್ಟೆ.

ಅವರ ಕೈ ನಿಂತಿತು. “ಆ ಮಾತು ನಾನೂ ಒಮ್ಮೆ ಆಡೀನಿ, ತಂಗಿ” ಎಂದರು.

ದವಾಖಾನೆ ತೆರೆದ ಮೊದಲ ವರ್ಷ, ಊರಂಚಿನ ಕಾತ್ರಜದಲ್ಲಿ ಕಟ್ಟಡದ ಕೆಲಸಕ್ಕಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು, ಹಲ್ಲಿನ ಬುಡದಲ್ಲಿ ಕೀವಾದ ಮಗನನ್ನು ಎತ್ತಿಕೊಂಡು ಬಂದಿದ್ದಳಂತೆ. ಊಟಕ್ಕೆ ಏಳುವ ಹೊತ್ತು. ಬೀಳುವ ಹಲ್ಲು, ಉಪ್ಪುನೀರು ಮುಕ್ಕಳಿಸಲಿ ಎಂದು ಇವರು ಕಳಿಸಿದರು. ಕೀವು ಕುತ್ತಿಗೆಗೆ ಇಳಿದು ವಾರದೊಳಗೆ ಮಗು ಹೋಯಿತು. ತಾಯಿ ಮತ್ತೆ ಬಂದಳು. ಬೈಯಲಿಲ್ಲ, ಅಳಲಿಲ್ಲ. “ಬೀಳೋ ಹಲ್ಲು ಅಂದಿದ್ರಲ್ರಿ?” ಎಂದಷ್ಟೇ ಕೇಳಿ ಹೋದಳು.

ನನ್ನ ಮಗಳ ಹಲ್ಲುಗಳಲ್ಲಿ ಉಳಿಯುವಂಥವನ್ನು ಅವರು ಒಂದೊಂದಾಗಿ ಉಳಿಸಿಕೊಟ್ಟರು. ಹುಳುಕು ಕೊರೆದು ತುಂಬಿದರು, ದವಡೆ ಹಲ್ಲಿಗೆ ಸ್ಟೀಲಿನ ಟೊಪ್ಪಿಗೆ ಹಾಕಿದರು. ಮುರಿದ ಎರಡನ್ನು ತೆಗೆದು, ಗೋವಿನಜೋಳದ ಕಾಳಿನಷ್ಟು ಪುಟ್ಟ ಹಲ್ಲುಗಳನ್ನು ತಾವೇ ಅರದಿಂದ ತಿಕ್ಕಿ, ಅಂಗುಳಿಗೆ ಅಂಟಿ ಕೂರುವ ಗುಲಾಬಿ ಪ್ಲೇಟಿಗೆ ಜೋಡಿಸಿದರು. “ಎಸ್‌ಟಿ ಬಸ್ಸಿನ್ಯಾಗ ಟವೆಲ್ ಒಗದು ಸೀಟ್ ಹಿಡೀತಾರಲ್ಲ, ಹಂಗ ಇವು. ಹೊಸಾ ಹಲ್ಲು ಬರೂತನಕ ಜಾಗಾ ಹಿಡದಿರ್ತಾವ” ಎಂದು ಮಗಳಿಗೆ ಹೇಳಿದರು. ಅವಳು ಕನ್ನಡಿಯಲ್ಲಿ ಎಷ್ಟೋ ಹೊತ್ತು ನೋಡಿಕೊಂಡು ಮೆಲ್ಲಗೆ ಕೈ ಇಳಿಸಿದಳು. ನಾನು ಅಲ್ಲೇ ಕೂತು ಅತ್ತೆ.

ಪ್ರತಿ ಭಾನುವಾರ ಅವರು ಕಾತ್ರಜದ ಕೂಲಿಕಾರರ ಜೋಪಡಿಗಳಿಗೆ ಬ್ಯಾಟರಿ ಹಿಡಿದು ಹೋಗಿ ಮಕ್ಕಳ ಬಾಯಿ ನೋಡಿ ಬರುತ್ತಿದ್ದರು. ತರಕಾರಿ ಮಂಡಿಯಲ್ಲಿ ಯಾದಗಿರಿ ಕಡೆಯ ಕನ್ನಡ ಕಿವಿಗೆ ಬಿದ್ದರೆ ಸಾಕು, ಹಿಡಿದ ಸೊಪ್ಪು ಬಿಟ್ಟು ತಿರುಗಿ ನೋಡುತ್ತಿದ್ದರು. ಆ ತಾಯಿ ಸಿಕ್ಕರೆ ಏನು ಹೇಳುವಿರಿ ಎಂದು ಒಮ್ಮೆ ಕೇಳಿದ್ದೆ. “ಏನ ಹೇಳಲಿ? ಇನ್ನೊಂದು ಕೂಸಿದ್ರ ಅದರ ಬಾಯಿ ನೋಡ್ತೀನಿ” ಎಂದಿದ್ದರು.

ಎಂಬತ್ತರ ದಶಕದ ಕೊನೆಗೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಬಾಗಿಲ ಕಡೆ ನೋಡಿ, “ಆಕಿ ಬಂದಾಳೇನು?” ಎಂದರು. ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಅವರ ಜೀವಕ್ಕೆ ಸಮಾಧಾನವಾಗಲಿ ಎಂದು, “ಬಂದಾಳ್ರಿ, ಹೊರಗ ಕೂತಾಳ” ಎಂದೆ.

ಸಮಾಧಾನವೆಲ್ಲಿ ಬಂತು? ಮೊಣಕೈ ಊರಿ ಏಳಲು ನೋಡಿದರು. “ಹೊರಗ್ಯಾಕ ಕೂಡಸೀದಿ? ಒಳಗ ಕರಿ, ತಂಗಿ. ಈಗ ನೋಡ್ತೀನಿ.”

ಯಾರನ್ನು ಕರೆಯಲಿ? ಬಾಗಿಲವರೆಗೆ ಹೋಗಿ ನಿಂತೆ. ಹಿಂದಿನಿಂದ “ಬಂದ್ಲೇನು?” ಎಂದು ಎರಡು ಸಲ ಕೇಳಿಸಿತು. ತಿರುಗಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಮಗಳ ಬಾಯಿಗೆ ಮಾತು ಮರಳಿಸಿದವರಿಗೆ ನಾನು ಕೊಟ್ಟದ್ದು ಆ ಒಂದು ಸುಳ್ಳು. ಆ ತಾಯಿ ಇನ್ನೂ ಹೊರಗೇ ಕೂತಿದ್ದಾಳೆ. ಅಂದು ಅವರು ಕಳಿಸಿದ್ದರು; ಈ ಸಲ ಕೂರಿಸಿದವಳು ನಾನು.