ಬಾವಿಕಟ್ಟೆ ಮೇಲಿನ ಗೌರಮ್ಮ

ಚನ್ನಪಟ್ಟಣದಿಂದ ಬೆಂಗಳೂರಿಗೆ ಆಫೀಸಿಗೆ ಹೋಗುವ ರೈಲಿನಲ್ಲೇ ನಾನು ಮೊಬೈಲಿನಲ್ಲಿ ಕಾದಂಬರಿ ಬರೆಯುವುದು. ಈಚೆಗೆ ಸಾಕುಸಾಕಾಗಿತ್ತು. ಅವತ್ತು ಎಲ್ಲ ಅಳಿಸಿ ನಿದ್ದೆ ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ, ದಿನಾ ಪಕ್ಕದಲ್ಲಿ ಕೂತು ಬಿಡದಿ ಫ್ಯಾಕ್ಟರಿಗೆ ಹೋಗುವ ಹೆಂಗಸು ನನ್ನ ನಾಯಕಿಯ ವಿಚಾರ ತೆಗೆದರು.

"ಅಣ್ಣಾ, ಗೌರಮ್ಮನ್ನ ಬಾವಿಕಟ್ಟೆ ಮ್ಯಾಲೆ ಕೂರಿಸ್ಬುಟ್ಟು ವಾರ ಆಯ್ತು. ಹಾರ್ತಾಳಾ, ಮನೇಗೋಯ್ತಾಳಾ?"

ನನಗೆ ಮೈಯೆಲ್ಲ ಉರಿಯಿತು. "ನನ್ನ ಮೊಬೈಲ್ ಓದ್ತೀರೇನ್ರೀ?"

"ಕಣ್ಣೆದುರ್ಗೇ ಐತಲ್ಲ, ಏನ್ ಮಾಡ್ಲಿ? ಅಕ್ಷರ ಬೇರೆ ಸಣ್ಣವು. ಪಾಪ, ಅವಳನ್ನ ಒಸಿ ಎಬ್ಬಿಸಣ್ಣಾ," ಅಂದವರೇ ಬಿಡದಿಯಲ್ಲಿ ಇಳಿದುಹೋದರು.

ಕೆಂಗೇರಿ ಬರುವಷ್ಟರಲ್ಲಿ ಗೌರಮ್ಮ ಕಟ್ಟೆಯಿಂದ ಎದ್ದು ಮನೆ ದಾರಿ ಹಿಡಿದಿದ್ದಳು.

ಈಗ ಅಕ್ಷರ ದೊಡ್ಡದು ಮಾಡಿಕೊಂಡು ಬರೆಯುತ್ತೇನೆ. ಯಾಕೆ ಅಂತ ಹೆಂಡತಿ ಕೇಳಿದಳು. ಕಣ್ಣು ಮಂಜಾಗ್ತಿದೆ ಕಣೇ, ಅಂದೆ.