ಲೋಟದ ಕೆಳಗಿನ ಚೀಟಿ

ನನ್ನ ಚಿಕ್ಕಪ್ಪ ಗಡಿಯಾರ ರಿಪೇರಿಯವನು. ವಾರವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರವರ ಹೊತ್ತು ಸರಿಮಾಡುತ್ತಿದ್ದ. ಭಾನುವಾರ ಮಾತ್ರ ಅವನ ಊಟದ ಮೇಜಿನ ಮೇಲೆ ಎರಡನೆಯ ಮಹಾಯುದ್ಧ. ಹೆಬ್ಬೆರಳುದ್ದದ ಆಟಿಕೆ ಟ್ಯಾಂಕುಗಳು ಅವನವು. ಅವನ್ನು ಹೊಡೆಯುವ ಜರ್ಮನ್ ತೋಪುಗಳು ಗೆಳೆಯನವು. ಆ ಗೆಳೆಯ ಅಂಗಡಿಗಳ ಬೋರ್ಡು ಬರೆಯುವವನು, ಎಲ್ಲರ ಬಾಯಲ್ಲೂ ಬ್ರಷ್ಷಣ್ಣ. ತೋಪುಗಳಿಗೆ ಮಾಸಲು ಹಳದಿ ಬಳಿದು, ಚಕ್ರಗಳಿಗೆ ಕೆಸರನ್ನೂ ಬರೆದಿದ್ದ. ಮದುವೆಯಾಗದ ಇಬ್ಬರಿಗೂ ಅದೇ ಸಂಸಾರವೆಂದು ಅಮ್ಮ ಮೂಗು ಮುರಿಯುತ್ತಿದ್ದಳು.

ಅಂಥ ತೋಪು ಗಿಡ್ಡ. ಪೊದೆಯಲ್ಲಿ ಅಡಗಿ ಕಾಯುವುದೇ ಅದರ ಬಲ. ಹಾಗಾಗಿ ಆಟದಲ್ಲೂ ಅದನ್ನು ಮೊದಲೇ ಮೇಜಿನ ಮೇಲಿಡುವುದಿಲ್ಲ. ಎಲ್ಲಿದೆಯೆಂದು ಚೀಟಿಯಲ್ಲಿ ಬರೆದು, ಮಡಿಸಿ, ಲೋಟದ ಕೆಳಗಿಡಬೇಕು. ತೋಪು ಗುಂಡು ಹಾರಿಸಿದಾಗಷ್ಟೇ ಚೀಟಿ ಬಿಚ್ಚುವುದು.

ಒಂದು ಭಾನುವಾರ ಬ್ರಷ್ಷಣ್ಣ ಕೈ ತೊಳೆಯಲು ಹೋದಾಗ ಚಿಕ್ಕಪ್ಪ ಚೀಟಿ ಓದಿಬಿಟ್ಟ. ಏಳು ವಾರದಿಂದ ಸೋಲುತ್ತಿದ್ದ, ಪಾಪ. ಆಮೇಲೆ ಅವನ ಟ್ಯಾಂಕುಗಳು ನೇರ ದಾರಿ ಬಿಟ್ಟು, ರಟ್ಟಿನ ಗಿರಣಿಯ ಹಿಂದಿನಿಂದ ಸುತ್ತಿಕೊಂಡು ಅಡಗಿದ್ದ ತೋಪಿನ ಬೆನ್ನಿಗೇ ಬಂದವು. ಚೀಟಿ ಓದಿದೆಯಾ ಎಂದು ಗೆಳೆಯ ಕೇಳಿದ. ಇಲ್ಲವೇ ಇಲ್ಲ ಎಂದ ಚಿಕ್ಕಪ್ಪ. ಬ್ರಷ್ಷಣ್ಣ ತೋಪುಗಳನ್ನೂ ಬಿಟ್ಟು ಎದ್ದು ಹೋದವನು ಮತ್ತೆ ಬರಲಿಲ್ಲ.

ನಾಲ್ಕು ವರ್ಷ ಚಿಕ್ಕಪ್ಪ ಒಬ್ಬನೇ ಆಡಿದ. ಹತ್ತು ಜಾಗಗಳನ್ನು ಹತ್ತು ಚೀಟಿಗಳಲ್ಲಿ ಬರೆದು, ಕಲಸಿ, ನೋಡದೆ ಒಂದನ್ನು ಲೋಟದಡಿ ಇಟ್ಟರೆ ತೋಪೇನೋ ಅಡಗುತ್ತಿತ್ತು. ಆದರೆ ತನ್ನ ಟ್ಯಾಂಕು ಉರಿದಾಗ ಎದುರಿಗೆ ಕೂತು ನಗುವವನಿರಲಿಲ್ಲ. ಗೆಳೆಯ ಬೇಕಾಗಿದ್ದ, ತಪ್ಪೊಪ್ಪಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಊರಿನ ಆ ತುದಿಯಲ್ಲಿರುವವನು ಹೇಗಿದ್ದಾನೆಂದು ಒಬ್ಬರನ್ನಾದರೂ ವಿಚಾರಿಸಲಿಲ್ಲ, ಅಷ್ಟು ಬಿಗುಮಾನ.

ಕೊನೆಗೆ ಚೀಟಿಯೊಂದರಲ್ಲಿ ‘ಓದಿದ್ದೆ’ ಎಂದು ಬರೆದು, ಒಂದು ತೋಪನ್ನೂ ಜೇಬಿಗೆ ಹಾಕಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ಹೊರಟ. ಬ್ರಷ್ಷಣ್ಣನ ಬಾಗಿಲ ಪಕ್ಕ ಬಣ್ಣದ ಡಬ್ಬಿಗಳು ಒಣಗಿ ಮುಚ್ಚಳಕ್ಕೆ ಅಂಟಿದ್ದವು. ಚಿಕ್ಕಪ್ಪ ಕೈಗಿತ್ತ ಚೀಟಿಯನ್ನು ಅವನು ಬೆರಳಲ್ಲಿ ಸವರಿ ವಾಪಸು ಕೊಟ್ಟ.

“ನೀನೇ ಓದಿ ಹೇಳೋ. ನಂಗೆ ಕಣ್ಣು ಹೋಗಿ ಎರಡು ವರ್ಷ ಆಯ್ತು.”

ಚಿಕ್ಕಪ್ಪ ಚೀಟಿ ಬಿಚ್ಚಲಿಲ್ಲ. “ಅವತ್ತು ಓದಿದ್ದೆ ಕಣೋ,” ಎಂದ.

ಬ್ರಷ್ಷಣ್ಣ ಕೈ ಚಾಚಿದ. ಚಿಕ್ಕಪ್ಪ ತೋಪನ್ನು ಅಂಗೈಯಲ್ಲಿಟ್ಟ. ನಳಿಗೆ, ಆಮೇಲೆ ಕೆಸರಿನ ಚಕ್ರ, ಒಂದೊಂದನ್ನೇ ಮುಟ್ಟಿ ನೋಡಿ ಅವನು ಹೇಳಿದ:

“ಅವತ್ತೇ ಹೇಳಿದ್ರೆ ನಾಲ್ಕು ಬೈದು ಮತ್ತೆ ಆಡೋಕೆ ಕೂತಿರ್ತಿದ್ದೆ. ಆಮೇಲೂ ಎರಡು ವರ್ಷ ಕಣ್ಣಿತ್ತಲ್ಲೋ ನಂಗೆ.”